ಮಹಾಯುದ್ಧಗಳೂ ಡೋಣಿಯ ಬಯಲೂ

ಮಹಾಯುದ್ಧವೆಂದೊಡನೆ ಮೈಸೂರಿಗರಾದ ನಮ್ಮ ಮನಸ್ಸು ಹೈಫಾ ಪಟ್ಟಣಕ್ಕೆ ಓಡುತ್ತದೆ. 1918ನೆಯ ಸೆಪ್ಟೆಂಬರ್ 23ರಂದು ಮೈಸೂರಿನ ರಾವುತರು ಜೋಧಪುರದವರೊಡಗೂಡಿ ಭರ್ಜಿಗಳನ್ನು ಹಿಡಿದು ತೋಪುಗಳಿಗೆ ಇದಿರಾಗಿ ನುಗ್ಗಿ ಆ ಪಟ್ಟಣವನ್ನು ಗೆದ್ದರು. ಈ ಕೀರ್ತಿ ಸಲ್ಲತಕ್ಕದ್ದೇ. ಆದರೆ ಯುದ್ಧದ ಚರಿತ್ರೆಯು ರಣರಂಗದಲ್ಲಿಯೇ ಮುಗಿಯುವುದಿಲ್ಲ. ಒಂದು ಗುಂಡೂ ಬೀಳದ ಬಿಜಾಪುರ ಸೀಮೆಗೆ, ತಿಕೋಟೆ ಬಬಲೇಶ್ವರಗಳ ಹೊಲಗಳಿಗೆ, ಯುದ್ಧವು ಯಾವ ದಾರಿಯಿಂದ ಬಂದಿತೆಂಬುದನ್ನು ಶ್ರೋತೃಗಳೊಡನೆ ವಿಚಾರಮಾಡೋಣ.

ಇದು ಎರೆಯ ನೆಲ, ಮಳೆ ಸ್ವಲ್ಪ. ಶರತ್ಕಾಲದಲ್ಲಿ ಬಿತ್ತಿದ ಹಿಂಗಾರಿ ಜೋಳವೇ ಜನರ ಜೀವಾಧಾರ. ಡೋಣಿಯ ಬಯಲು ಹದವಾಗಿ ಬೆಳೆದ ವರ್ಷ ಕಾಳು ಸಮೃದ್ಧಿ, ಬೆಳೆಯದಿದ್ದರೆ ಬರ. ಆದುದರಿಂದ ರೈತರು ಹಗೇವುಗಳಲ್ಲಿ ಜೋಳವನ್ನು ಹೂಳಿಟ್ಟು ಕಾಪಾಡುತ್ತಿದ್ದರು. 1876ರಿಂದ 1878ರವರೆಗಿನ ಘೋರ ಕ್ಷಾಮದಲ್ಲಿ ಹಗೇವೊಂದೇ ಸಾಲದೆಂದು ತಿಳಿದುಬಂದಿತು. 1884ರಲ್ಲಿ ಹೋಟಗಿಯಿಂದ ಗದಗಿಗೆ ಬಿಜಾಪುರದ ಮೇಲೆ ರೈಲುದಾರಿಯಾಯಿತು. ಅಂದಿನಿಂದ ಈ ಸೀಮೆಗೆ ಇಬ್ಬರು ಕಾವಲುಗಾರರು: ಊರಿನಲ್ಲಿ ಹಗೇವು, ಹೊರಗಿನಿಂದ ರೈಲು.

1914ರಲ್ಲಿ ಇಂಗ್ಲೆಂಡು ಯುದ್ಧ ಸಾರಿದಾಗ ಹಿಂದೂದೇಶವನ್ನು ಯಾರೂ ಕೇಳಲಿಲ್ಲ. ಆದರೂ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಭಾರತೀಯರು ಕಡಲಾಚೆಗೆ ಹೋದರು. ದೇಶದ ಬೊಕ್ಕಸದಿಂದ ಹತ್ತು ಕೋಟಿ ಪೌಂಡುಗಳ ಕಾಣಿಕೆ ಸಂದಿತು. ಹಳಿಗಳೂ ಬಂಡಿಗಳೂ ಮೆಸೊಪೊಟೇಮಿಯಾಕ್ಕೆ ಸಾಗಿದುವು. ಇಲ್ಲಿ ಉಳಿದ ರೈಲುಗಳಿಗೆ ಯುದ್ಧದ ಸರಕೇ ಮೊದಲು, ಕಾಳು ಆಮೇಲೆ. ಬಟ್ಟೆ, ಉಪ್ಪು, ಸೀಮೆಎಣ್ಣೆ, ಧಾನ್ಯ, ಎಲ್ಲದರ ಬೆಲೆಯೂ ಏರಿತು. ಹೀಗೆ ಎರಡನೆಯ ಕಾವಲುಗಾರನು ದುರ್ಬಲನಾಗಿದ್ದ ಹೊತ್ತಿನಲ್ಲಿ, 1918ರಲ್ಲಿ, ಮುಂಗಾರು ಕೈಕೊಟ್ಟಿತು.

ಅದೇ ವರ್ಷ ಜೂನ್ ತಿಂಗಳಲ್ಲಿ ಮುಂಬಯಿಯ ಬಂದರದಲ್ಲಿ ಇನ್‌ಫ್ಲುಯೆಂಜಾ ಜ್ವರ ಕಾಣಿಸಿಕೊಂಡು ರೈಲುಗಳೊಡನೆ ಒಳನಾಡಿಗೆ ಹರಡಿತು. ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಎರಡನೆಯ ಸಲ ಬಂದಾಗ ಅದರ ಉಗ್ರತೆಗೆ ಮಿತಿಯಿರಲಿಲ್ಲ. ಮುದುಕರಿಗಿಂತ ದುಡಿಯುವ ವಯಸ್ಸಿನವರನ್ನೇ ಅದು ಹೆಚ್ಚಾಗಿ ಹಿಡಿಯಿತು. ಹಿಂಗಾರಿ ಬಿತ್ತನೆಯ ಕಾಲವೂ ಅದೇ ಎಂಬುದನ್ನು ನೆನೆದರೆ ಇದರ ಅರ್ಥ ಸ್ಪಷ್ಟವಾಗುತ್ತದೆ. ಕೂರಿಗೆ ಹಿಡಿಯಬೇಕಾದ ಕೈ ಹಾಸಿಗೆ ಹಿಡಿದರೆ ಬಂದಷ್ಟು ಮಳೆಯೂ ವ್ಯರ್ಥ. ಬಿಜಾಪುರವು ಸೇರಿದ್ದ ಮುಂಬಯಿ ಪ್ರಾಂತವೊಂದರಲ್ಲಿಯೇ ಹತ್ತು ಲಕ್ಷಕ್ಕೂ ಮಿಕ್ಕಿ ಜನರು ಈ ಜ್ವರದಿಂದ ಸತ್ತರು. ಯುದ್ಧದಲ್ಲಿ ಮಡಿದ ಭಾರತೀಯ ಯೋಧರು ಸುಮಾರು ಎಪ್ಪತ್ತು ಸಾವಿರ. ದೇಶದಲ್ಲಿ ಜ್ವರಕ್ಕೆ ಬಲಿಯಾದವರು ಒಂದು ಕೋಟಿಗೂ ಹೆಚ್ಚು. ಯೋಧರಿಗೆ ದಿಲ್ಲಿಯಲ್ಲಿ ಕಲ್ಲಿನ ಮಹಾದ್ವಾರವೆದ್ದಿತು. ಜ್ವರದಲ್ಲಿ ಸತ್ತ ರೈತನ ಹೆಸರು ಖಾನೇಸುಮಾರಿಯ ಅಂಕಿಗಳಲ್ಲಿ ಕರಗಿಹೋಯಿತು. 1911ರಿಂದ 1921ರವರೆಗಿನ ದಶಕದಲ್ಲಿ ಮಾತ್ರವೇ ನಮ್ಮ ದೇಶದ ಜನಸಂಖ್ಯೆ ಇಳಿದುದು.

1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಪ್ರಭುಗಳು, ಮತ್ತೆ ಯಾರನ್ನೂ ಕೇಳದೆ, ದೇಶವನ್ನು ಯುದ್ಧಕ್ಕೆ ಸೇರಿಸಿದರು. 1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಗಿ ಬರ್ಮಾದ ಅಕ್ಕಿ ನಿಂತಿತು. ಅದೇ ವರ್ಷ ಬಿಜಾಪುರದಲ್ಲಿ ಬೆಳೆ ಕೆಟ್ಟಿತು. ಆದರೆ ಈ ಸಲ ಮುಂಬಯಿ ಸರಕಾರವು ಕ್ಷಾಮವನ್ನು ಮುಚ್ಚಿಡಲಿಲ್ಲ. ಪರಿಹಾರದ ಕೆಲಸಗಳನ್ನು ತೆರೆದು ಜನರಿಗೆ ಕೂಲಿ ಕೊಟ್ಟಿತು. ಬಿಜಾಪುರದ ಒಣಬೇಸಾಯದ ಸಂಶೋಧನ ಕೇಂದ್ರದಲ್ಲಿ ಮಳೆಯ ನೀರನ್ನು ಹೊಲದಲ್ಲಿಯೇ ತಡೆಯುವ ಪ್ರಯೋಗಗಳು ಮೊದಲೇ ನಡೆದಿದ್ದುವು. ಹಸಿದವರ ಕೈಗೆ ಗುದ್ದಲಿ ಕೊಟ್ಟು, ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಒಡ್ಡುಗಳನ್ನು ಹಾಕಿಸಲಾಯಿತು. ಮರುವರ್ಷ ಬಂಗಾಳದಲ್ಲಿ ಕ್ಷಾಮವೆಂಬ ಮಾತನ್ನೇ ಸಾರಲಿಲ್ಲ. ಅಲ್ಲಿ ಸುಮಾರು ಮೂವತ್ತು ಲಕ್ಷ ಜನ ಅಳಿದರು.

ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಮಳೆ ಬಾರದಿರುವುದು ದೈವಾಧೀನವಿರಬಹುದು. ಅನ್ನ ತಲಪದಿರುವುದು ಮನುಷ್ಯಾಧೀನ. ಯುದ್ಧವು ನೆಲದ ಬಡತನವನ್ನು ಹುಟ್ಟಿಸಲಿಲ್ಲ. ಆ ಬಡತನಕ್ಕೆ ಇದ್ದ ಆಸರೆಗಳನ್ನು ಕಿತ್ತುಕೊಂಡಿತು. ಹೈಫಾದ ರಾವುತರನ್ನು ನೆನೆಯುವ ನಾವು, ಆಸರೆ ತಪ್ಪಿ ಅಳಿದವರನ್ನೂ ಬರದಲ್ಲಿ ಒಡ್ಡು ಕಟ್ಟಿ ಉಳಿದವರನ್ನೂ ಅದೇ ಚರಿತ್ರೆಯಲ್ಲಿ ಸೇರಿಸಿ ಓದಬೇಕು.