ಪರಿವರ್ತಿತ ವಿದ್ಯುತ್ ಕಾರಿನ ಓಡಾಟದ ವೆಚ್ಚ

ಪರಿವರ್ತಿತ ವಿದ್ಯುತ್ ಕಾರಿನ ಓಡಾಟದ ವೆಚ್ಚ ಎಂದರೆ ಹವ್ಯಾಸಿಗಳು ಪೆಟ್ರೋಲ್ ಎಂಜಿನ್ ತೆಗೆದು ಮೋಟರು ಹಾಗೂ ಬ್ಯಾಟರಿಗಳನ್ನು ಅಳವಡಿಸಿಕೊಂಡ ಕಾರಿಗೆ ಪ್ರತಿ ಕಿಲೋಮೀಟರಿಗೆ ತಗಲುವ ಹಣ. ಇದನ್ನು ವಿದ್ಯುತ್ ಬಿಲ್ಲಿನಿಂದ ಮಾತ್ರ ಲೆಕ್ಕ ಹಾಕುವುದು ಸಾಮಾನ್ಯವಾದ ತಪ್ಪು. ಸೀಸ-ಆಮ್ಲ ಬ್ಯಾಟರಿಯ ಕಾರುಗಳಲ್ಲಿ ವೆಚ್ಚದ ದೊಡ್ಡ ಪಾಲು ಬ್ಯಾಟರಿಯ ಸವಕಳಿಯದ್ದೇ ಆಗಿರುತ್ತದೆ.

ವಿದ್ಯುತ್ತಿನ ವೆಚ್ಚ

ಬಳಕೆಯನ್ನು ಬ್ಯಾಟರಿಯ ತುದಿಯಲ್ಲಿ ಅಳೆಯದೆ, ಗೋಡೆಯ ಸಾಕೆಟ್ಟು ಮತ್ತು ಚಾರ್ಜರಿನ ನಡುವೆ ಮೀಟರು ಇಟ್ಟು ಅಳೆಯಬೇಕು. ಚಾರ್ಜ್ ಆಗುವಾಗ ಶಕ್ತಿಯ ಒಂದಂಶ ಶಾಖವಾಗಿ ಕಳೆದುಹೋಗುತ್ತದೆ. ಕೊನೆಯ ಹಂತದಲ್ಲಿ ಒಂದಷ್ಟು ಬ್ಯಾಟರಿಯ ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆಯುವುದರಲ್ಲಿ ವ್ಯಯವಾಗುತ್ತದೆ. ಕಾರು ಬಳಸದಿದ್ದರೂ ಈ ನಷ್ಟಕ್ಕೆ ಬಿಲ್ಲು ಬರುತ್ತದೆ.

ಉದಾಹರಣೆಗೆ, 40 ಕಿ.ಮೀ. ಓಡಿದ ಕಾರನ್ನು ಮತ್ತೆ ಪೂರ್ತಿ ಚಾರ್ಜ್ ಮಾಡಲು 10 ಯೂನಿಟ್ (ಕಿಲೋವ್ಯಾಟ್-ಗಂಟೆ) ಬೇಕಾಯಿತು, ಯೂನಿಟ್ ದರ 8 ರೂ. ಎಂದುಕೊಂಡರೆ ಕಿಲೋಮೀಟರಿಗೆ 2 ರೂ. ಆಗುತ್ತದೆ. ಹಂತವಾರು ದರವಿರುವಲ್ಲಿ ಕಾರಿನ ಬಳಕೆ ಸೇರಿ ಮುಟ್ಟುವ ಮೇಲಿನ ಹಂತದ ದರವನ್ನೇ ಹಿಡಿಯಬೇಕು. ಕರ್ನಾಟಕದ ಗೃಹಜ್ಯೋತಿ ಯೋಜನೆಯಲ್ಲಿ ಮಾಸಿಕ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕಾಗುತ್ತದೆ. ತಿಂಗಳಿಗೆ 25 ದಿನ ಓಡುವ ಮೇಲಿನ ಕಾರೊಂದೇ 250 ಯೂನಿಟ್ ಬಳಸುವುದರಿಂದ, ಅಂಥ ಮನೆಯಲ್ಲಿ ದೀಪ, ಫ್ಯಾನುಗಳ ಖರ್ಚೂ ಕಾರಿನ ಲೆಕ್ಕಕ್ಕೇ ಸೇರುತ್ತದೆ.

ಬ್ಯಾಟರಿಯ ಸವಕಳಿ

ಇದೇ ಕಾರಿನಲ್ಲಿ ತಲಾ 15,000 ರೂ. ಬೆಲೆಯ, 6 ವೋಲ್ಟಿನ 20 ಬ್ಯಾಟರಿಗಳಿವೆ ಎಂದುಕೊಳ್ಳೋಣ. ಒಟ್ಟು 3,00,000 ರೂ.; ಗುಜರಿಗೆ ಹಾಕಿದಾಗ ಸೀಸದಿಂದ 60,000 ರೂ. ಮರಳಿದರೆ ಉಳಿಯುವುದು 2,40,000 ರೂ. ಅವು 500 ಚಾರ್ಜುಗಳವರೆಗೆ ಬಾಳಿದರೆ ಕಾರು ಓಡುವುದು 20,000 ಕಿ.ಮೀ. ಅಂದರೆ ಕಿಲೋಮೀಟರಿಗೆ 12 ರೂ., ವಿದ್ಯುತ್ತಿನ ಆರು ಪಟ್ಟು.

ಬಾಳಿಕೆಯನ್ನು ಊಹಿಸುವುದೇ ಇಲ್ಲಿನ ಕಷ್ಟ. ಬ್ಯಾಟರಿಯ ಮೇಲೆ ನಮೂದಿಸಿದ ಆಂಪಿಯರ್-ಗಂಟೆ ಸಾಮಾನ್ಯವಾಗಿ 20 ಗಂಟೆಗಳ ನಿಧಾನ ಬಳಕೆಗೆ ಸಂಬಂಧಿಸಿದ್ದು. ಕಾರು ಅದನ್ನು ಒಂದೆರಡು ಗಂಟೆಗಳಲ್ಲೇ ಹೀರುತ್ತದೆ. ಹೆಚ್ಚಿನ ವಿದ್ಯುತ್ ಪ್ರವಾಹದಲ್ಲಿ ಸೀಸ-ಆಮ್ಲ ಬ್ಯಾಟರಿಯ ಸಾಮರ್ಥ್ಯ ಕುಗ್ಗುತ್ತದೆ ಎಂಬ ನಿಯಮವನ್ನು ಜರ್ಮನಿಯ ವಿಲ್ಹೆಲ್ಮ್ ಪೊಯ್ಕರ್ಟ್ 1897ರಲ್ಲಿ ಮಂಡಿಸಿದರು. ಪ್ರತಿ ಬಾರಿ ಪೂರ್ತಿ ಬರಿದು ಮಾಡಿದರೆ ಬಾಳಿಕೆ ಇನ್ನೂ ಕಡಿಮೆಯಾಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು ದುಬಾರಿಯಾದರೂ ಹಲವು ಪಟ್ಟು ಹೆಚ್ಚು ಬಾರಿ ಚಾರ್ಜ್ ಆಗಬಲ್ಲವಾದ್ದರಿಂದ ಕಿಲೋಮೀಟರ್ ಲೆಕ್ಕದಲ್ಲಿ ಅಗ್ಗವಾಗಬಹುದು.

ಟೈರು, ಬ್ರೇಕು, ವಿಮೆಗಳ ಖರ್ಚು ಪೆಟ್ರೋಲ್ ಕಾರಿಗೂ ಇರುವಂಥದ್ದೇ. ಎಂಜಿನ್ ಆಯಿಲ್ ಮಾತ್ರ ಬೇಕಿಲ್ಲ.