ಪಾಪರಾದವನ ತೀರ್ವೆ ಬಾಕಿ

ಸಾಲ ತೀರಿಸಲಾಗದವನು ನ್ಯಾಯಾಲಯದ ಮೊರೆಹೊಕ್ಕು ದಿವಾಳಿಯೆಂದು ಘೋಷಿಸಿಕೊಳ್ಳುವುದನ್ನು ನಮ್ಮ ಹಿರಿಯರು ‘ಪಾಪರ್ ಚೀಟಿ ತೆಗೆದುಕೊಳ್ಳುವುದು’ ಎನ್ನುತ್ತಿದ್ದರು. ಆ ಚೀಟಿ ದೊರೆತರೆ ಎಲ್ಲ ಋಣವೂ ಹರಿಯಿತೆಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಒಂದು ಋಣ ಮಾತ್ರ ಹರಿಯುತ್ತಿರಲಿಲ್ಲ. ಅದು ಸರಕಾರದ ಬಾಕಿ.

ಕೊಲ್ಲೂರನ್ನೇ ಉದಾಹರಣೆಯಾಗಿ ನೋಡೋಣ. ಇಂದು ಬೈಂದೂರು ತಾಲ್ಲೂಕಿನಲ್ಲಿರುವ ಈ ಊರು ಬ್ರಿಟಿಷರ ಕಾಲದಲ್ಲಿ ಕುಂದಾಪುರ ತಾಲ್ಲೂಕಿಗೆ ಸೇರಿತ್ತು. ಘಟ್ಟದ ಮೇಲೆ ಮೈಸೂರು ಅರಸರ ಆಡಳಿತ, ಕೆಳಗೆ ಮದರಾಸು ಪ್ರಾಂತ್ಯದ ಕಾನೂನು. 1799ರಲ್ಲಿ ಕೆನರಾ ಕಂಪೆನಿಯ ವಶವಾದಾಗ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಇಲ್ಲಿನ ಭೂಕಂದಾಯವನ್ನು ನಿಗದಿಪಡಿಸಿದನು. ಜನರು ಅದನ್ನು ‘ತೀರ್ವೆ’ ಎಂದು ಕರೆದರು. 1864ರ ಮದರಾಸು ಕಂದಾಯ ವಸೂಲಿ ಕಾಯ್ದೆಯಡಿ, ತೀರ್ವೆ ಬಾಕಿಗಾಗಿ ಕಲೆಕ್ಟರರು ಸಿವಿಲ್ ದಾವೆ ಹೂಡದೆಯೇ ಸೊತ್ತನ್ನು ಜಪ್ತಿ ಮಾಡಿ ಹರಾಜು ಹಾಕಬಹುದಿತ್ತು.

ಮುಂದೆ 1920ರಲ್ಲಿ ಪ್ರಾಂತೀಯ ದಿವಾಳಿ ಕಾಯ್ದೆ ಜಾರಿಗೆ ಬಂದಿತು. ಐನೂರು ರೂಪಾಯಿ ಸಾಲವಿದ್ದು ತೀರಿಸಲು ಅಶಕ್ತನಾದವನು ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದಿತ್ತು. ಅವನ ಆಸ್ತಿ ನ್ಯಾಯಾಲಯದ ಅಧೀನಕ್ಕೆ ಬಂದು, ಮಾರಾಟವಾಗಿ, ಹಣ ಹಂಚಿಕೆಯಾಗುತ್ತಿತ್ತು. 61ನೆಯ ಕಲಮಿನಂತೆ ಈ ಹಂಚಿಕೆಯ ಮೊದಲ ಸಾಲಿನಲ್ಲಿ ಸರಕಾರ ಮತ್ತು ಸ್ಥಳೀಯ ಸಂಸ್ಥೆಗಳ ಬಾಕಿಯಿತ್ತು. ಗುಮಾಸ್ತ, ಕೂಲಿಯಾಳುಗಳ ನಾಲ್ಕು ತಿಂಗಳ ಸಂಬಳವೂ ಅದರ ಜೊತೆಗಿತ್ತು. ಆದರೆ ತಲಾ ಇಪ್ಪತ್ತು ರೂಪಾಯಿ ಮೀರುವಂತಿರಲಿಲ್ಲ. ಕೊನೆಗೆ ಬಿಡುಗಡೆಯ ಆದೇಶವಾದಾಗ ಸಾಹುಕಾರನ ಸಾಲ ಅಳಿದುಹೋಗುತ್ತಿತ್ತು. ಸರಕಾರದ ಋಣ ಮಾತ್ರ 44ನೆಯ ಕಲಮಿನಂತೆ ಉಳಿಯುತ್ತಿತ್ತು. ವಂಚನೆಯಿಂದ ಮಾಡಿದ ಸಾಲವೂ ಅದೇ ಪಟ್ಟಿಯಲ್ಲಿತ್ತು. ಬೆಳೆ ಕೈಕೊಟ್ಟು ತೀರ್ವೆ ಕಟ್ಟಲಾಗದ ರೈತನೂ ಮೋಸಗಾರನೂ ಈ ಒಂದು ವಿಷಯದಲ್ಲಿ ಸಮಾನರಾದರು!

ಸರಕಾರದ ಪಕ್ಷದಲ್ಲೂ ನ್ಯಾಯವಿಲ್ಲದಿಲ್ಲ. ಸಾಹುಕಾರನು ನಂಬಿಗಸ್ತನನ್ನು ಆರಿಸಿ, ಬಡ್ಡಿ ಗೊತ್ತುಮಾಡಿ ಸಾಲ ಕೊಡುತ್ತಾನೆ. ಬೊಕ್ಕಸಕ್ಕೆ ಆ ಆಯ್ಕೆಯಿಲ್ಲ. ತೆರಿಗೆ ಸಾರ್ವಜನಿಕರ ಹಣ. ಆದರೆ ಹಂಚಿಕೆಯಲ್ಲಿ ಮೊದಲ ಪಾಲು ಪಡೆದ ಮೇಲೂ ಬರಿಗೈಯವನನ್ನು ಜೀವನಪರ್ಯಂತ ಹಿಂಬಾಲಿಸುವುದು ಯಾವ ನ್ಯಾಯ?

ಇತಿಹಾಸದಲ್ಲಿ ಇದಕ್ಕೆ ಭಿನ್ನವಾದ ಒಂದು ಮಾದರಿಯಿದೆ. ಮದೀನಾದ ಆರಂಭದ ದಿನಗಳಲ್ಲಿ, ಸಾಲ ತೀರಿಸಲು ಏನನ್ನೂ ಬಿಡದೆ ಮೃತನಾದವನ ಜನಾಝ ನಮಾಝನ್ನು ಸಂಗಾತಿಗಳೇ ನಿರ್ವಹಿಸುವಂತೆ ಪ್ರವಾದಿವರ್ಯರು(ಸ) ಹೇಳುತ್ತಿದ್ದರು. ಸಾಲದ ಗಾಂಭೀರ್ಯ ಅಂಥದು. ಮುಂದೆ ಸಂಪತ್ತು ಒದಗಿದಾಗ ಅಂಥವರ ಸಾಲದ ಹೊಣೆಯನ್ನು ತಾವೇ ಹೊತ್ತರು. ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಸಿಲುಕಿದವರನ್ನೂ ಕುರ್‌ಆನ್ ಹೆಸರಿಸಿದೆ. ಅಲ್ಲಿ ಸಾರ್ವಜನಿಕ ನಿಧಿ ಸಾಲಿಗನ ಪಕ್ಕದಲ್ಲಿ ನಿಂತಿತು.

ನಮ್ಮ ದೇಶದ ಕಾನೂನೂ ತಡವಾಗಿ ಕದಲಿದೆ. 2016ರ ದಿವಾಳಿ ಸಂಹಿತೆಯ 178ನೆಯ ಕಲಮು ದಿವಾಳಿಯ ಖರ್ಚು, ಕಾರ್ಮಿಕರ ಎರಡು ವರ್ಷಗಳ ಬಾಕಿ ಹಾಗೂ ಅಡಮಾನವುಳ್ಳ ಸಾಲ, ಇತರ ನೌಕರರ ಒಂದು ವರ್ಷದ ಸಂಬಳ ಇವುಗಳ ನಂತರವೇ ಸರಕಾರವನ್ನು ನಿಲ್ಲಿಸಿತು; ಅದೂ ಎರಡು ವರ್ಷಗಳ ಬಾಕಿಗೆ ಮಾತ್ರ. ಬಿಡುಗಡೆಗೆ ಹೊರತಾದ ಋಣಗಳಲ್ಲಿ ನ್ಯಾಯಾಲಯದ ದಂಡ, ಜೀವನಾಂಶ, ವಿದ್ಯಾರ್ಥಿ ಸಾಲಗಳನ್ನು ಹೆಸರಿಸಿದ ಸಂಹಿತೆಯು ತೆರಿಗೆಯನ್ನು ಹೆಸರಿಸಲಿಲ್ಲ. ಆದರೆ 2019ರ ಡಿಸೆಂಬರ್ 1ರಂದು ಈ ಭಾಗ ಜಾರಿಗೆ ಬಂದದ್ದು ಕಂಪೆನಿಗಳ ಸಾಲಕ್ಕೆ ಜಾಮೀನು ನಿಂತ ವ್ಯಕ್ತಿಗಳಿಗೆ ಮಾತ್ರ. ಕೊಲ್ಲೂರಿನ ಸಣ್ಣ ಅಂಗಡಿಯವನಿಗೆ ಇಂದಿಗೂ 1920ರ ಕಾಯ್ದೆಯೇ ಗತಿ.

ಆದ್ದರಿಂದ, ಪ್ರಿಯ ಓದುಗರೇ, ವ್ಯಾಪಾರ ಕುಸಿಯುವಾಗ ತೆರಿಗೆಯನ್ನು ಕೊನೆಗೆ ನೋಡಿಕೊಳ್ಳೋಣ ಎಂದು ಮುಂದೂಡಬೇಡಿ. ಬೇರೆಲ್ಲ ಸಾಲ ಅಳಿದರೂ ಅದು ಉಳಿದೀತು. ಮುಳುಗುತ್ತಿರುವ ನೆರೆಯವನ ಬಾಗಿಲನ್ನು ಅಮೀನ ತಟ್ಟುವ ಮೊದಲೇ ನಮ್ಮ ಜಮಾಅತ್ ತಟ್ಟಲಿ.