ಜೋಶಿ, ಸುನಿಲ್ ಬಂಡಾಚಾರ್ಯ

ಗದಗದಲ್ಲಿ 1970ರ ಜೂನ್ 6ರಂದು ಹುಟ್ಟಿದ ಸುನಿಲ್ ಜೋಶಿ ಕರ್ನಾಟಕ ಮತ್ತು ಭಾರತ ತಂಡಗಳ ಎಡಗೈ ಸ್ಪಿನ್ನರ್, ಕೆಳಕ್ರಮಾಂಕದಲ್ಲಿ ನೆಚ್ಚಬಹುದಾದ ಬ್ಯಾಟ್ಸ್‌ಮನ್, ಆಮೇಲೆ ಹಲವು ತಂಡಗಳ ತರಬೇತುದಾರ. 1996ರಿಂದ 2000ದವರೆಗೆ 15 ಟೆಸ್ಟ್, 2001ರವರೆಗೆ 69 ಏಕದಿನ ಪಂದ್ಯಗಳಲ್ಲಿ ಆಡಿದರು. ಅವರ ಮಾತು ಬಂದಾಗ, ಅದೇ ಕಾಲದ ಕರ್ನಾಟಕದ ಸ್ಪಿನ್ನರ್ ಅನಿಲ್ ಕುಂಬ್ಳೆಯನ್ನು ನೆನೆದು, ‘ಕುಂಬ್ಳೆ ನೆರಳಲ್ಲಿ ಮಸುಕಾದವರು’ ಎಂದು ಹೇಳಿ ಮುಗಿಸಿಬಿಡುವುದು ರೂಢಿ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಜೋಶಿ ಆಡಿದ ವರ್ಷಗಳಿಗೆ ಒಂದು ಖಾತೆ, ಆಡಿಸಿದ ವರ್ಷಗಳಿಗೆ ಇನ್ನೊಂದು ಖಾತೆ ಎಂದು ತೆರೆದರೆ ಎರಡೂ ಸಾಧಾರಣವಾಗಿಯೇ ಕಾಣುತ್ತವೆ. ಎರಡನ್ನೂ ಒಂದೇ ಖಾತೆಯಲ್ಲಿ ಬರೆದು ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಕ್ರಿಕೆಟ್ಟಿನ ನಡುಮನೆಯಿಂದ ದೂರದ ಊರಲ್ಲಿ ಆಟ ಕಲಿತವರು, ನಡುಮನೆಗೆ ಸೇರದ ತಂಡಗಳಿಗೆ ಆಟ ಕಲಿಸಿದರು. ಕಲಿತ ರೀತಿಯೇ ಕಲಿಸುವ ರೀತಿಯೂ ಆಯಿತು.

ದೂರ ಎಂದರೆ ಎಷ್ಟು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ. ಹುಡುಗ ಜೋಶಿ ನಸುಕಿನಲ್ಲಿ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಗದಗಕ್ಕೆ ಮರಳುತ್ತಿದ್ದ ಸಂಗತಿ ಅವರ ಬಗ್ಗೆ ಬರೆದವರೆಲ್ಲ ಹೇಳುವಂಥದ್ದು. ಈ ದೂರ ಗದಗದ್ದೊಂದೇ ಅಲ್ಲ: ಗೋಕಾಕದ ಹುಡುಗನೊಬ್ಬನಿಗೆ ಬೆಳಗಾವಿ ಹೆಚ್ಚೂಕಡಿಮೆ ಅಷ್ಟೇ ದೂರ. ಹುಕ್ಕೇರಿಯವನಿಗೆ ತುಸು ಹತ್ತಿರ, ಮೂಡಲಗಿಯವನಿಗೆ ಇನ್ನೂ ದೂರ. ಈ ಸೀಮೆಯ ಹೆಮ್ಮೆಯ ಆಟಗಳು ಕುಸ್ತಿ, ಕಬಡ್ಡಿ, ಖೋ ಖೋ. ಮಣ್ಣೇ ಮೈದಾನವಾದ ಆ ಆಟಗಳಿಗೆ ಊರ ಗರಡಿ, ಶಾಲೆಯ ಅಂಗಳ ಸಾಕು. ಕ್ರಿಕೆಟ್ಟಿಗೆ ಹಾಗಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಟೆನಿಸ್ ಚೆಂಡಿನಿಂದ ಯಾರೂ ಆಡಬಹುದು, ಆದರೆ ಆ ಆಟ ಲೆದರ್ ಚೆಂಡಿನ ಆಟಕ್ಕೆ ಒಯ್ದು ಮುಟ್ಟಿಸುವುದಿಲ್ಲ. ಲೆದರ್ ಚೆಂಡು ಸಿಕ್ಕರೂ ಆ ಕಾಲದ ಉತ್ತರ ಕರ್ನಾಟಕದ ಊರುಗಳಲ್ಲಿ ಮ್ಯಾಟ್ ಹಾಸಿ ಆಡುವುದೇ ಸಾಮಾನ್ಯವಾಗಿತ್ತು. ಗೂಟ ಹೊಡೆದು ಬಿಗಿದ ಮ್ಯಾಟಿನ ಮೇಲೆ ಚೆಂಡು ಹಿಡಿದು ಪುಟಿಯುತ್ತದೆ, ಸ್ಪಿನ್ನರ್ ಸುಮ್ಮನೆ ವೇಗವಾಗಿ ಚಪ್ಪಟೆಯಾಗಿ ಎಸೆದರೂ ವಿಕೆಟ್ ಬೀಳುತ್ತದೆ. ಅದೇ ಎಸೆತ ಹುಲ್ಲು ಕತ್ತರಿಸಿ ರೋಲರ್ ಎಳೆದ ಟರ್ಫ್ ಪಿಚ್ಚಿನಲ್ಲಿ ಬ್ಯಾಟಿಗೆ ನೇರವಾಗಿ ಹೋಗಿ ಕೂರುತ್ತದೆ. ಅಲ್ಲಿ ಗಾಳಿಯಲ್ಲಿ ಚೆಂಡನ್ನು ತೇಲಿಸಬೇಕು, ಮೊದಲ ದಿನ ಪಿಚ್ ತಿರುಗದಿದ್ದರೆ ಇಪ್ಪತ್ತು ಓವರ್ ಒಂದೇ ಜಾಗಕ್ಕೆ ಹಾಕಿ ಕಾಯಬೇಕು. ಹೊರಗಿನ ಊರಿಂದ ಬಂದ ಸ್ಪಿನ್ನರ್ ಬೆಂಗಳೂರಿನಲ್ಲಿ ಕಲಿಯಬೇಕಾದುದಕ್ಕಿಂತ ಬಿಡಬೇಕಾದದ್ದೇ ಹೆಚ್ಚು.

ಜೋಶಿ 1992–93ರಲ್ಲಿ ಕರ್ನಾಟಕದ ಪರ ಪ್ರಥಮ ದರ್ಜೆ ಕ್ರಿಕೆಟ್ಟಿಗೆ ಬಂದಾಗ ಅವರಿಗೆ 22 ವರ್ಷ. ಬೆಂಗಳೂರು ಕ್ಲಬ್ಬುಗಳ ಹುಡುಗರಿಗೆ ಹೋಲಿಸಿದರೆ ತಡ. ಮೂರು ವರ್ಷಕ್ಕೆ, 1995–96ರ ರಣಜಿ ಋತುವಿನಲ್ಲಿ, 529 ರನ್ ಮತ್ತು 52 ವಿಕೆಟ್ ಗಳಿಸಿದರು. ಒಂದೇ ಋತುವಿನಲ್ಲಿ ಐನೂರು ರನ್ನು, ಐವತ್ತು ವಿಕೆಟ್ಟು ಎರಡನ್ನೂ ಮುಟ್ಟುವುದು ರಣಜಿ ಇತಿಹಾಸದಲ್ಲಿ ಅಪರೂಪ. ಆ ವರ್ಷ ಕರ್ನಾಟಕ ಚೆನ್ನೈಯಲ್ಲಿ ತಮಿಳುನಾಡನ್ನು ಹಿಂದಿಕ್ಕಿ ಕಪ್ ತಂದಿತು. 1997–98, 1998–99ರಲ್ಲಿ ಮತ್ತೆ ಎರಡು. ನಾಲ್ಕು ಋತುಗಳಲ್ಲಿ ಮೂರು ಪ್ರಶಸ್ತಿ. ಶ್ರೀನಾಥ್, ಕುಂಬ್ಳೆ, ಪ್ರಸಾದ್, ದ್ರಾವಿಡ್ ಭಾರತ ತಂಡದ ಜೊತೆ ಊರೂರು ಸುತ್ತುತ್ತಿದ್ದ ಕಾಲವದು, ರಾಜ್ಯ ತಂಡಕ್ಕೆ ಅವರು ಸಿಗುತ್ತಿದ್ದದ್ದು ಆಗಾಗ. ಹೆಸರಾಂತರು ಇಲ್ಲದ ದಿನಗಳಲ್ಲಿ ಹೊರೆ ಹೊತ್ತವರಲ್ಲಿ ಜೋಶಿ ಮೊದಲಿಗರು. ವೃತ್ತಿ ಮುಗಿಯುವ ಹೊತ್ತಿಗೆ 160 ಪ್ರಥಮ ದರ್ಜೆ ಪಂದ್ಯಗಳಲ್ಲಿ 615 ವಿಕೆಟ್, 5129 ರನ್ ಅವರ ಹೆಸರಲ್ಲಿದ್ದವು.

ಟೆಸ್ಟ್ ಜೀವನ ಅಪಶಕುನದಿಂದಲೇ ಶುರುವಾಯಿತು. 1996ರ ಜೂನ್‌ನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್. ಬೆರಳಿಗೆ ಪೆಟ್ಟಾಗಿ ಒಂದು ಓವರನ್ನೂ ಹಾಕಲಾಗಲಿಲ್ಲ. ಅದೇ ಅಕ್ಟೋಬರಿನ ದೆಹಲಿ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾ ಎದುರು ಕಣಕ್ಕಿಳಿದ ಹನ್ನೊಂದು ಮಂದಿಯಲ್ಲಿ ಐವರು ಕರ್ನಾಟಕದವರು: ದ್ರಾವಿಡ್, ಕುಂಬ್ಳೆ, ಪ್ರಸಾದ್, ಡೇವಿಡ್ ಜಾನ್ಸನ್, ಜೋಶಿ. ನಾಲ್ಕು ವರ್ಷಗಳಲ್ಲಿ ಬಿಟ್ಟು ಬಿಟ್ಟು 15 ಟೆಸ್ಟ್, 41 ವಿಕೆಟ್, ಪ್ರತಿ ವಿಕೆಟ್ಟಿಗೆ 35.85 ರನ್. ಇಲ್ಲಿಯೇ ಮೊದಲ ಆಕ್ಷೇಪ ಏಳುತ್ತದೆ: ಈ ಸರಾಸರಿ ಇಟ್ಟುಕೊಂಡವರನ್ನು ಕೈಬಿಟ್ಟರೆ ಅದರಲ್ಲಿ ಅನ್ಯಾಯವೇನು? ಆಕ್ಷೇಪಕ್ಕೆ ತೂಕವಿದೆ. ಭಾರತದ ಪಿಚ್ಚುಗಳಲ್ಲಿ ಆಡುವ ಸ್ಪಿನ್ನರ್‌ಗೆ 35ರ ಸರಾಸರಿ ಹೆಮ್ಮೆಯ ಅಂಕಿಯಲ್ಲ, ಅದನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಆದರೆ ತಂಡದಲ್ಲಿ ಅವರ ಜಾಗ ಎರಡನೆಯ ಅಥವಾ ಮೂರನೆಯ ಸ್ಪಿನ್ನರ್‌ನದು; ಹೊಸ ಬ್ಯಾಟ್ಸ್‌ಮನ್‌ಗೆ ಕುಂಬ್ಳೆ, ಕುದುರಿಕೊಂಡ ಬ್ಯಾಟ್ಸ್‌ಮನ್‌ಗೆ ಜೋಶಿ ಎಂಬಂಥ ಹಂಚಿಕೆ. ಕುಂಬ್ಳೆ ಇಲ್ಲದಾಗ ಏನಾಯಿತು ಎಂಬುದನ್ನೇ ನೋಡಿದರೆ ವಾದ ಸ್ಪಷ್ಟವಾಗುತ್ತದೆ.

2000ದ ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ತನ್ನ ಮೊಟ್ಟಮೊದಲ ಟೆಸ್ಟ್ ಆಡಿತು. ಭುಜದ ನೋವಿನಿಂದ ಕುಂಬ್ಳೆ ಇರಲಿಲ್ಲ, ಗಂಗೂಲಿಗೆ ನಾಯಕನಾಗಿ ಮೊದಲ ಟೆಸ್ಟ್. ಆತಿಥೇಯರು ಅಮೀನುಲ್ ಇಸ್ಲಾಂ ಅವರ 145ರ ಬಲದಿಂದ 400 ರನ್ ಪೇರಿಸಿ ಎಲ್ಲರನ್ನೂ ದಂಗುಬಡಿಸಿದರು. ಜೋಶಿ 142 ರನ್ನಿಗೆ 5 ವಿಕೆಟ್ ಪಡೆದಿದ್ದರು. ಭಾರತದ ಬ್ಯಾಟಿಂಗ್ ತಡವರಿಸಿದಾಗ ಕೆಳಗಿಂದ ಬಂದು ಗಂಗೂಲಿಗೆ ಜೊತೆ ನಿಂತು 92 ಹೊಡೆದರು. ಭಾರತಕ್ಕೆ ದಕ್ಕಿದ ಮುನ್ನಡೆ ಕೇವಲ 29. ಎರಡನೆಯ ಸರದಿಯಲ್ಲಿ 27 ರನ್ನಿಗೆ ಇನ್ನೂ 3 ವಿಕೆಟ್ ಕಿತ್ತರು, ಬಾಂಗ್ಲಾ 91ಕ್ಕೆ ಕುಸಿಯಿತು. ಪಂದ್ಯಪುರುಷ ಪ್ರಶಸ್ತಿ ಅವರದೇ. ಎದುರಾಳಿ ಹೊಸಬರು, ಆ ಸಾಧನೆಗೆ ಅಷ್ಟು ಬೆಲೆ ಕೊಡಬೇಕಿಲ್ಲ ಎನ್ನುವವರಿಗೆ ನೈರೋಬಿಯ ಸ್ಕೋರ್‌ಕಾರ್ಡ್ ತೋರಿಸಬೇಕು. 1999ರ ಸೆಪ್ಟೆಂಬರ್ 26, ದಕ್ಷಿಣ ಆಫ್ರಿಕಾ ವಿರುದ್ಧ ಏಕದಿನ ಪಂದ್ಯ: 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಅರವತ್ತು ಎಸೆತಗಳಲ್ಲಿ ಆರೇ ರನ್. ಗಿಬ್ಸ್, ಕ್ರೋನಿಯೆ, ರೋಡ್ಸ್ ಇದ್ದ ಆ ತಂಡ 117ಕ್ಕೆ ಮುಗಿಯಿತು. ಆ ದಿನದ ಅವರ ಬೌಲಿಂಗಿನಲ್ಲಿ ಮಾಯಾಜಾಲವೇನಿಲ್ಲ. ಚೆಂಡು ಆಫ್ ಸ್ಟಂಪಿನ ಸಾಲಿನಲ್ಲಿ ಬಿದ್ದು ತುಸು ಹೊರಕ್ಕೆ ತಿರುಗುವುದು, ಬ್ಯಾಟ್ಸ್‌ಮನ್ ಮುಂದೆ ಬರಬೇಕೋ ಹಿಂದೆ ಸರಿಯಬೇಕೋ ಎಂದು ತೋಚದೆ ನಿಲ್ಲುವುದು, ಮತ್ತೆ ಅದೇ ಎಸೆತ. ಈ ‘ಮತ್ತೆ ಅದೇ’ ಎಂಬುದರಲ್ಲಿ ಮುಂದಿನ ತರಬೇತುದಾರನ ಗುಣ ಆಗಲೇ ಕಾಣುತ್ತದೆ.

ಢಾಕಾದ ಪಂದ್ಯಪುರುಷ ಆ ತಿಂಗಳು ಕಳೆದ ಮೇಲೆ ಮತ್ತೆ ಟೆಸ್ಟ್ ಆಡಲಿಲ್ಲ. 2001ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾ ಬಂದಾಗಲೂ ಕುಂಬ್ಳೆ ಗೈರು. ಹರಭಜನ್ ಜೊತೆಗೆ ಎಡಗೈ ಸ್ಪಿನ್ನರ್ ಬೇಕೆಂದು ಆಯ್ಕೆಗಾರರು ಮುಂಬೈಯಲ್ಲಿ ರಾಹುಲ್ ಸಾಂಘ್ವಿ, ಕೋಲ್ಕತ್ತದಲ್ಲಿ ವೆಂಕಟಪತಿ ರಾಜು, ಚೆನ್ನೈಯಲ್ಲಿ ನೀಲೇಶ್ ಕುಲಕರ್ಣಿ ಹೀಗೆ ಮೂರು ಟೆಸ್ಟಿಗೆ ಮೂವರನ್ನು ಆಡಿಸಿದರು. ನಾಲ್ಕು ತಿಂಗಳ ಹಿಂದೆ ಒಂದೇ ಟೆಸ್ಟಿನಲ್ಲಿ 8 ವಿಕೆಟ್ ಪಡೆದು 92 ರನ್ ಹೊಡೆದವರಿಗೆ ಆ ಮೂರರಲ್ಲಿ ಒಂದೂ ಸಿಗಲಿಲ್ಲ. ಇದನ್ನು ಕುಂಬ್ಳೆ ನೆರಳು ಎನ್ನಲು ಬರುವುದಿಲ್ಲ. ನೆರಳು ಕೊಡುವವರೇ ಅಲ್ಲಿರಲಿಲ್ಲ.

ಅಂತರರಾಷ್ಟ್ರೀಯ ಕ್ರಿಕೆಟ್ ಮುಗಿದ ಮೇಲೂ ಸುಮಾರು ಹತ್ತು ವರ್ಷ ರಣಜಿ ಆಡಿದರು, 2008ರಲ್ಲಿ ಐಪಿಎಲ್ ಶುರುವಾದಾಗ ಬೆಂಗಳೂರು ತಂಡದಲ್ಲಿಯೂ ಇದ್ದರು, 2012ರಲ್ಲಿ ನಿವೃತ್ತಿ ಹೇಳಿದರು. ಹೈದರಾಬಾದ್ ರಣಜಿ ತಂಡದಲ್ಲಿ ತರಬೇತಿಯ ಕೆಲಸ ಮಾಡಿದ ಅವರು 2014ರಲ್ಲಿ ಜಮ್ಮು–ಕಾಶ್ಮೀರಕ್ಕೆ ಹೋದರು. ಅದೇ ಸೆಪ್ಟೆಂಬರಿನ ಪ್ರವಾಹದಲ್ಲಿ ಶ್ರೀನಗರದ ಶೇರ್-ಎ-ಕಾಶ್ಮೀರ್ ಮೈದಾನ ನೀರಲ್ಲಿ ಮುಳುಗಿತ್ತು, ಋತುವಿನ ತಯಾರಿಯೇ ಹಳಿ ತಪ್ಪಿತ್ತು. ಡಿಸೆಂಬರಿನಲ್ಲಿ ಆ ತಂಡ ವಾಂಖೆಡೆಗೆ ಬಂದು, 40 ಸಲ ರಣಜಿ ಗೆದ್ದಿದ್ದ ಮುಂಬೈಯನ್ನು 4 ವಿಕೆಟ್‌ಗಳಿಂದ ಸೋಲಿಸಿತು. ಮುಂಬೈ 236 ಮತ್ತು 254. ಜಮ್ಮು–ಕಾಶ್ಮೀರ 254 ಮತ್ತು 6ಕ್ಕೆ 237. ಶುಭಂ ಖಜೂರಿಯಾ 107 ಮತ್ತು 78 ಹೊಡೆದರು. ಮೊದಲ ಸರದಿಯ 18 ರನ್ನಿನ ಮುನ್ನಡೆಯನ್ನು ಗಮನಿಸಬೇಕು. ಕೊನೆಯ ದಿನದ ಪವಾಡದಿಂದ ಬಂದ ಜಯವಲ್ಲ ಇದು, ನಾಲ್ಕೂ ದಿನ ಸರಿಸಮ ನಿಂತು ಗೆದ್ದದ್ದು.

ಆದರೆ ಗೆಲುವು ಆಟಗಾರರದು, ಅದನ್ನು ತರಬೇತುದಾರನ ಲೆಕ್ಕಕ್ಕೆ ಬರೆಯುವುದು ಎಷ್ಟು ಸರಿ? ಒಂದು ಪಂದ್ಯದಿಂದ ಏನೂ ಸಿದ್ಧವಾಗುವುದಿಲ್ಲ, ಆ ತಂಡ ಮರುವರ್ಷ ಕೆಳಗಿನ ಗುಂಪಿನಲ್ಲಿಯೇ ಆಡಬೇಕಾಯಿತಲ್ಲ ಎಂಬ ಮಾತೂ ಇದೆ. ಎರಡನ್ನೂ ಒಪ್ಪೋಣ. ಒಂದು ಪಂದ್ಯವನ್ನು ಅದೃಷ್ಟ ಎಂದು ಬದಿಗಿಡಬಹುದು, ಅದೇ ತರಬೇತುದಾರ ಮತ್ತೆ ಮತ್ತೆ ನಡುಮನೆಗೆ ಸೇರದ ತಂಡಗಳ ಕಡೆಗೇ ಹೋದದ್ದನ್ನು ಹಾಗೆ ಬದಿಗಿಡಲಾಗದು. ಜೋಶಿ ಅಸ್ಸಾಂ ತಂಡಕ್ಕೂ ತರಬೇತಿ ಕೊಟ್ಟರು. ಇದ್ದುದರಲ್ಲಿ ನಡೆಸುವ ಬಗೆ ಮ್ಯಾಟಿನಲ್ಲಿ ಕಲಿತು ಟರ್ಫಿಗೆ ಹೊಂದಿಕೊಂಡವರಿಗೆ ಸುಲಭವಾಗಿ ಒಗ್ಗುವಂಥದ್ದು ಎಂದರೆ ಅತಿಶಯವಾಗಲಾರದು.

ಮುಂದಿನ ಹೆಜ್ಜೆಗಳೂ ಅದೇ ದಿಕ್ಕಿನವು. 2016ರ ಟಿ20 ವಿಶ್ವಕಪ್‌ನಲ್ಲಿ ಒಮಾನ್ ತಂಡಕ್ಕೆ ಸ್ಪಿನ್ ಸಲಹೆಗಾರ. ಆ ತಂಡ ಧರ್ಮಶಾಲೆಯಲ್ಲಿ ಐರ್ಲೆಂಡನ್ನು ಸೋಲಿಸಿತು. 2017ರ ಆಗಸ್ಟ್‌ನಲ್ಲಿ ಬಾಂಗ್ಲಾದೇಶಕ್ಕೆ ಸ್ಪಿನ್ ಬೌಲಿಂಗ್ ತರಬೇತುದಾರರಾಗಿ ಹೋದರು. ಹದಿನೇಳು ವರ್ಷದ ಹಿಂದೆ ಆ ದೇಶದ ಮೊದಲ ಟೆಸ್ಟನ್ನು ಕೆಡಿಸಿದ ಕೈ ಈಗ ಅದರ ಹುಡುಗರಿಗೆ ಚೆಂಡು ಹಿಡಿಯುವುದನ್ನು ತಿದ್ದತೊಡಗಿತು. ಆ ತಿಂಗಳ ಕೊನೆಗೆ ಮೀರ್‌ಪುರದಲ್ಲಿ ಬಾಂಗ್ಲಾದೇಶ ಆಸ್ಟ್ರೇಲಿಯಾವನ್ನು 20 ರನ್ನಿನಿಂದ ಸೋಲಿಸಿತು. ಬಂದು ಕೆಲವೇ ದಿನವಾಗಿದ್ದರಿಂದ ಅದರ ಶ್ರೇಯ ಅವರಿಗೆ ಕೊಡುವುದು ತಪ್ಪಾದೀತು. 2018ರ ಕೊನೆಯಲ್ಲಿ ವೆಸ್ಟ್ ಇಂಡೀಸ್ ಬಂದಾಗಿನ ಮಾತು ಬೇರೆ. ಎರಡು ಟೆಸ್ಟ್‌ಗಳಲ್ಲಿ ಬಿದ್ದ ಎದುರಾಳಿಯ 40 ವಿಕೆಟ್‌ಗಳನ್ನೂ ಸ್ಪಿನ್ನರುಗಳೇ ಪಡೆದರು. ಚಟ್ಟೋಗ್ರಾಮದಲ್ಲಿ 17 ವರ್ಷದ ನಯೀಮ್ ಹಸನ್ ಮೊದಲ ಟೆಸ್ಟಿನಲ್ಲೇ 5 ವಿಕೆಟ್ ಕಿತ್ತ. ಮೀರ್‌ಪುರದಲ್ಲಿ ಒಬ್ಬನೇ ಒಬ್ಬ ಪೂರ್ಣಪ್ರಮಾಣದ ವೇಗಿಯೂ ಇಲ್ಲದೆ ಶಕೀಬ್, ಮಿರಾಜ್, ತೈಜುಲ್, ನಯೀಮ್ ನಾಲ್ವರೂ ಆಡಿದರು. ಮಿರಾಜ್ 12 ವಿಕೆಟ್ ಪಡೆದರು, ಬಾಂಗ್ಲಾದೇಶ ಟೆಸ್ಟ್ ಇತಿಹಾಸದಲ್ಲಿ ಮೊದಲ ಬಾರಿಗೆ ಇನಿಂಗ್ಸ್ ಅಂತರದಿಂದ ಗೆದ್ದಿತು. ತಿರುಗುವ ಪಿಚ್ ಕೊಟ್ಟರೆ ಯಾರಾದರೂ ಗೆಲ್ಲುತ್ತಾರೆ ಎನ್ನಬಹುದು. ಆದರೆ ಅಂಥ ಪಿಚ್ಚುಗಳು ಅಲ್ಲಿ ಮೊದಲೂ ಇದ್ದವು. ನಾಲ್ವರು ಸ್ಪಿನ್ನರುಗಳನ್ನು ಒಟ್ಟಿಗೆ ನಂಬುವ ಧೈರ್ಯ ಇರಲಿಲ್ಲ.

ಕೊನೆಯ ಒಂದು ಆಕ್ಷೇಪ ಗದಗ, ಗೋಕಾಕಗಳಂಥ ಊರುಗಳ ಕಡೆಯಿಂದಲೇ ಬರಬೇಕಾದದ್ದು. ಜೋಶಿ ಅವರ ಉದಾಹರಣೆ ಕೊಟ್ಟು ದೂರ ದೊಡ್ಡ ತೊಡಕಲ್ಲ ಎಂದು ಹೇಳುವುದು ಸುಲಭ, ಆದರೆ ಅವರು ಬೆಳೆದದ್ದು ಊರಲ್ಲಿ ಅಲ್ಲ, ಊರು ಬಿಟ್ಟ ಮೇಲೆ. ಈ ಮಾತಿಗೆ ಎದುರುತ್ತರವಿಲ್ಲ. ನಸುಕಿನ 60 ಕಿ.ಮೀ. ಪಯಣವನ್ನು ಸಾಹಸವೆಂದು ಹೊಗಳುವವರು, ಅದೇ ದಾರಿ ಹಿಡಿದು ಅರ್ಧಕ್ಕೇ ಕೈಬಿಟ್ಟ ಹುಡುಗರ ಲೆಕ್ಕ ಇಡುವುದಿಲ್ಲ. ಹುಬ್ಬಳ್ಳಿ, ಬೆಳಗಾವಿಗಳಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಟರ್ಫ್ ಮೈದಾನಗಳು ಎದ್ದದ್ದು ಜೋಶಿ ಆಡಿ ಮುಗಿಸುವ ಹೊತ್ತಿಗೆ.

2020ರ ಮಾರ್ಚ್‌ನಲ್ಲಿ ಜೋಶಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಆಸ್ಟ್ರೇಲಿಯಾ ಪ್ರವಾಸದ ಅಡಿಲೇಡ್ ಟೆಸ್ಟಿನಲ್ಲಿ 36ಕ್ಕೆ ಕುಸಿದು, ಬಳಿಕ ಬ್ರಿಸ್ಬೇನಿನಲ್ಲಿ ಸರಣಿ ಗೆದ್ದ ತಂಡವನ್ನು ಆರಿಸಿದ್ದು ಅವರ ಸಮಿತಿ. ಗೆಲುವು ಬರುವ ವೇಳೆಗೆ ಅವರು ಅಧ್ಯಕ್ಷರಾಗಿರಲಿಲ್ಲ. ಹೆಚ್ಚು ಟೆಸ್ಟ್ ಆಡಿದವರೇ ಅಧ್ಯಕ್ಷರಾಗಬೇಕೆಂಬುದು ಭಾರತೀಯ ಕ್ರಿಕೆಟ್ ಮಂಡಳಿಯ ನಿಯಮ. ಡಿಸೆಂಬರ್ 24ರಂದು ಸಮಿತಿಗೆ ಹೊಸ ಸದಸ್ಯರು ಬಂದಾಗ 23 ಟೆಸ್ಟ್ ಆಡಿದ್ದ ಚೇತನ್ ಶರ್ಮಾ ಆ ಕುರ್ಚಿಗೆ ಬಂದರು. 15 ಆಡಿದ್ದ ಜೋಶಿ ಸದಸ್ಯರಾಗಿ ಮುಂದುವರಿದರು.